ಉಸ್ತಾದರು ಹೆಸರು ಬರೆಸಿದ ಸಂಜೆ

ಸೌದಿಯ ಖಮೀಸ್ ಮುಶೈತಿಗೆ ಬಂದ ಹೊಸತರಲ್ಲಿ ನಾನು ಮಾಡಿದ ಮೊದಲ ಎಡವಟ್ಟೆಂದರೆ ಒಬ್ಬರ ಮನೆಯ ಅತ್ತರಿನ ಶೀಶೆಗಳನ್ನು ಹೊಗಳಿದ್ದು. ಪುತ್ತೂರು ಕಡೆಯ ಬ್ಯಾರಿ ಕುಟುಂಬವೊಂದು ನಮ್ಮನ್ನು ಊಟಕ್ಕೆ ಕರೆದಿತ್ತು. ಟಿವಿಯ ಪಕ್ಕದ ಗಾಜಿನ ಕಪಾಟಿನಲ್ಲಿ ಹೆಬ್ಬೆರಳು ಗಾತ್ರದ ಶೀಶೆಗಳು ಸಾಲಾಗಿ ನಿಂತಿದ್ದವು. ಹೆಚ್ಚಿನವುಗಳ ಮುಚ್ಚಳವನ್ನೇ ತೆರೆದಿರಲಿಲ್ಲ. ಮಾತಿಗೆ ಏನಾದರೂ ಬೇಕಲ್ಲ ಎಂದು, ಇಷ್ಟೊಂದು ಅತ್ತರು ಇಟ್ಟವರನ್ನು ನಾನು ಕಂಡೇ ಇಲ್ಲ, ನಿಮಗೆ ಪರಿಮಳವೆಂದರೆ ಪ್ರಾಣ ಇರಬೇಕು ಎಂದೆ. ಮನೆಯಾಕೆ ಮೀನಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಮನೆಯ ಯಜಮಾನರು ನನ್ನ ಗಂಡನ ಹತ್ತಿರ ಟಯರುಗಳ ವಿಷಯ ತೆಗೆದರು.

ಗಂಡ ಇಲ್ಲಿನ ವಾಹನ ಬಿಡಿಭಾಗಗಳ ಗೋದಾಮಿನಲ್ಲಿ ಸೂಪರ್‌ವೈಸರ್. ನನಗಿಂತ ಮೊದಲೇ ಬಂದು ಊರಿನ ಒಳಗುಟ್ಟೆಲ್ಲ ತಿಳಿದುಕೊಂಡವರು. ಕಾರಿನಲ್ಲಿ ಕೂತ ಮೇಲೆ ನಗಬೇಕೋ ಬೈಯಬೇಕೋ ಗೊತ್ತಾಗದೆ ಸ್ಟೇರಿಂಗ್ ಮೇಲೆ ಬೆರಳು ಬಡಿದರು. ಆಮೇಲೆ, "ಅದನ್ನೆಲ್ಲ ಕೇಳ್ಬಾರ್ದು ಮಾರಾಯ್ತಿ. ಅದು ಅವರವರ ತಲೆಬಿಸಿಯ ಲೆಕ್ಕ" ಎಂದರು.

ವಿಷಯ ಇಷ್ಟು. ಪೇಟೆಯ ಹಳೇ ಮಾರ್ಕೆಟ್ಟಿನ ಬಳಿ ಒಂದು ಅತ್ತರಿನ ಅಂಗಡಿ. ಅದನ್ನು ನೋಡಿಕೊಳ್ಳುವವರು ನಮ್ಮ ದಕ್ಷಿಣ ಕನ್ನಡದವರೇ ಆದ ಒಬ್ಬ ಉಸ್ತಾದರು. ಊರಿನಲ್ಲಿ ಮದ್ರಸದಲ್ಲಿ ಮಕ್ಕಳಿಗೆ ಓದಿಸುತ್ತಿದ್ದವರು, ಇಲ್ಲಿಗೆ ಬಂದದ್ದು ಸೇಲ್ಸ್‌ಮನ್ ಆಗಿ. ಇಲ್ಲಿ ವಾಸಿಸಲು ಸರಕಾರ ಕೊಡುವ ಕಾರ್ಡು, ಇಕಾಮಾದಲ್ಲೂ ಹಾಗೆಯೇ ಬರೆದಿದೆ. ಗಂಡ ಹೆಂಡಿರ ಜಗಳ, ಊರಲ್ಲಿ ಕೈಮೀರಿದ ಮಗ, ನಿದ್ದೆ ಬಾರದ್ದು, ಕಾರಣವಿಲ್ಲದೆ ಅಳು ಬರುವುದು, ಯಾವ ಸಂಕಟವೇ ಇರಲಿ, ನಮ್ಮವರು ಅವರ ಅಂಗಡಿಗೆ ಹೋಗುತ್ತಾರೆ. ಆದರೆ ಉಸ್ತಾದರ ಹತ್ತಿರ ಸಲಹೆ ಕೇಳಲು ಹೋದೆ ಎಂದು ಯಾರೂ ಹೇಳುವುದಿಲ್ಲ. ಅತ್ತರು ತರಲು ಹೋದೆ ಎನ್ನುತ್ತಾರೆ. ಅವರೂ ಒಂದೊಂದೇ ಶೀಶೆ ತೆರೆದು ಮುಂಗೈಗೆ ಹಚ್ಚುತ್ತಾ ಕೇಳಿಸಿಕೊಳ್ಳುತ್ತಾರೆ. ಬಂದವರು ಹೊರಡುವಾಗ ನಾಚಿಕೆಗೊಂದು ಶೀಶೆ ಕೊಳ್ಳುತ್ತಾರೆ. ನಾನು ಆ ಮನೆಯಲ್ಲಿ ಕಪಾಟಿನ ಮುಂದೆ ನಿಂತು ಕೇಳಿದ್ದು, ನೀವು ಎಷ್ಟು ಸಲ ಅತ್ತಿದ್ದೀರಿ ಎಂದು ಕೇಳಿದ ಹಾಗಾಗಿತ್ತು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅದಕ್ಕೆ ಕಾರಣವೂ ಇತ್ತು. ನಾನು ಓದಿದ್ದು ಮನಶ್ಶಾಸ್ತ್ರ. ಮಂಗಳೂರಿನ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಈ ದೇಶದಲ್ಲಿ ಅದೇ ಕೆಲಸ ಮಾಡಬೇಕಾದರೆ ಆರೋಗ್ಯ ಇಲಾಖೆಯ ಕಡೆಯಿಂದ ಲೈಸನ್ಸ್ ಬೇಕು. ಪದವಿ ಪತ್ರ ತೋರಿಸಿದರೆ ಸಾಲದು, ಅದನ್ನು ಕೊಟ್ಟ ವಿಶ್ವವಿದ್ಯಾಲಯವೇ 'ಹೌದು, ನಾವು ಕೊಟ್ಟದ್ದೇ' ಎಂದು ಉತ್ತರ ಬರೆಯಬೇಕು. ಕೆಲಸ ಮಾಡಿದ ಆಸ್ಪತ್ರೆಯೂ ಬರೆಯಬೇಕು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾಲಯದಲ್ಲಿ ಆ ಉತ್ತರ ಬರೆಯಬೇಕಾದ ಗುಮಾಸ್ತರು ರಜೆಯಲ್ಲಿದ್ದರು. ರಜೆ ಮುಗಿದ ಮೇಲೆ ಅವರಿಗೆ ವರ್ಗವಾಗಿತ್ತು. ಹೊಸಬರಿಗೆ ಪಾಸ್‌ವರ್ಡ್ ಸಿಕ್ಕಿರಲಿಲ್ಲ. ನಾನು ಇಲ್ಲಿ ಕೂತು ಮೈ ಪರಚಿಕೊಳ್ಳುತ್ತಿದ್ದೆ.

ಅಷ್ಟರವರೆಗೆ ಒಂದು ಖಾಸಗಿ ಪಾಲಿಕ್ಲಿನಿಕ್ಕಿನಲ್ಲಿ ದುಭಾಷಿಯಾಗಿ ಸೇರಿಕೊಂಡೆ. ಡಾಕ್ಟರಿಗೂ ರೋಗಿಗೂ ನಡುವೆ ನಿಂತು ತುಳು, ಕನ್ನಡ, ಮಲಯಾಳ, ಹಿಂದಿ ದಾಟಿಸುವ ಕೆಲಸ. ಮ್ಯಾನೇಜರ್ ಈಜಿಪ್ಟಿನವರು, ನಿಯಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಲೈಸನ್ಸ್ ಬರುವ ತನಕ ಡಾಕ್ಟರು ಹೇಳಿದ್ದಲ್ಲದೆ ಒಂದು ಮಾತೂ ಸ್ವಂತದ್ದು ಆಡಕೂಡದು ಎಂದು ಮೊದಲ ದಿನವೇ ಹೇಳಿದ್ದರು. ಒಮ್ಮೆ ಗಡ್ಡ ನರೆತ ಲಾರಿ ಚಾಲಕರೊಬ್ಬರು ಎದೆ ಬಿಗಿತವೆಂದು ಬಂದಿದ್ದರು. ಡಾಕ್ಟರು ಇಸಿಜಿ ಕಾಗದ ತರಲು ಎದ್ದು ಹೋದಾಗ, ಈಚೀಚೆಗೆ ಮನೆಗೆ ಫೋನ್ ಮಾಡಲಿಕ್ಕೇ ಮನಸ್ಸಾಗುವುದಿಲ್ಲ ಎಂದು ತುಳುವಿನಲ್ಲಿ ನನಗೆ ಹೇಳಿದರು. ಮುಂದಿನ ಪ್ರಶ್ನೆ ಏನು ಕೇಳಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ. ಅವರು ಅಲ್ಲಿಂದ ನೇರ ಅತ್ತರಿನ ಅಂಗಡಿಗೆ ಹೋದರಂತೆ.

ಹಾಗಾಗಿ ನನಗೆ ಉಸ್ತಾದರ ಮೇಲೆ ಇದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಡುವುದರಲ್ಲಿ ಅರ್ಥವಿಲ್ಲ. ಇಷ್ಟು ಓದಿದ ನನ್ನ ಬಾಯಿಗೆ ಬೀಗ, ಯಾವ ಕಾಗದವೂ ಇಲ್ಲದ ಅವರಿಗೆ ಊರೆಲ್ಲದರ ಗುಟ್ಟು. ಧರ್ಮದ ಕಡೆಯಲ್ಲೂ ಇಲ್ಲಿ ಲೈಸನ್ಸ್ ಇಲ್ಲವೆಂದಲ್ಲ. ಮಸೀದಿಯಲ್ಲಿ ಪ್ರವಚನ ಮಾಡಲು, ತರಗತಿ ನಡೆಸಲು ಸರಕಾರದ ಅನುಮತಿ ಬೇಕು. ತಾಯಿತ, ನೂಲು ಕೊಡುವುದಂತೂ ಅಪರಾಧ. ಉಸ್ತಾದರು ಆ ಯಾವ ಗೆರೆಯನ್ನೂ ದಾಟುವವರಲ್ಲ. ಪ್ರವಚನವಿಲ್ಲ, ತಾಯಿತವಿಲ್ಲ. ಅಂಗಡಿಯ ಬಾಗಿಲು ಸದಾ ತೆರೆದೇ ಇರುತ್ತದೆ. ಕೇಳುತ್ತಾರೆ, ಅವರಿಗಾಗಿ ದೇವರಲ್ಲಿ ಬೇಡಿ ದುಆ ಮಾಡುತ್ತಾರೆ, ಒಂದೆರಡು ಮಾತು ಹೇಳುತ್ತಾರೆ. ಅತ್ತರು ಮಾರುವವನು ಗಿರಾಕಿಯ ಜೊತೆ ಮಾತಾಡಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಕೊನೆಗೂ ನನ್ನ ಲೈಸನ್ಸ್ ಬಂತು. ಕ್ಲಿನಿಕ್ಕಿನಲ್ಲಿ ನನಗೊಂದು ಕೋಣೆ, ಎರಡು ಕುರ್ಚಿ, ಬಾಗಿಲಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ನನ್ನ ಹುದ್ದೆಯ ಬೋರ್ಡು. ಗಂಡ ಸಿಹಿ ಹಂಚಿದರು. ಆಮೇಲೆ ನಾನು ಆ ಕೋಣೆಯಲ್ಲಿ ನೊಣ ಹೊಡೆಯುತ್ತಾ ಕೂತೆ. ಪಾಕಿಸ್ತಾನದವರು ಬಂದರು, ಕೆಲವು ಸೌದಿ ಹೆಂಗಸರು ಇಂಗ್ಲಿಷ್ ಬರುತ್ತದೆಂದು ಬಂದರು, ನಮ್ಮವರು ಮಾತ್ರ ಒಬ್ಬರೂ ಇಲ್ಲ. ಹಲ್ಲಿನ ಡಾಕ್ಟರಿಗಾಗಿ ಕಾಯುತ್ತಾ ಕೂತ ಪರಿಚಯದವರು ನನ್ನನ್ನು ಕಂಡರೆ ನಗುತ್ತಿದ್ದರು, ನನ್ನ ಬೋರ್ಡನ್ನು ಕಂಡರೆ ಕುರ್ಚಿ ಬದಲಿಸುತ್ತಿದ್ದರು. ಅಲ್ಲಿಗೆ ಹೋಗುವವರು ತಲೆ ಕೆಟ್ಟವರು ಎಂಬ ಮಾತು ನಮ್ಮ ಜೊತೆ ಊರಿನಿಂದ ವಿಮಾನ ಹತ್ತಿ ಬಂದಿತ್ತು.

ಒಂದು ದಿನ ತಡೆಯಲಾರದೆ ಅಂಗಡಿಗೇ ಹೋದೆ. ಮಧ್ಯಾಹ್ನದ ಮಳೆ ಸುರಿದು ರಸ್ತೆ ಒದ್ದೆಯಾಗಿತ್ತು. ಆಲಿಕಲ್ಲು ಬಿದ್ದ ದಿನ ಈ ಬೆಟ್ಟದೂರಿನಲ್ಲಿ ಒಳ್ಳೆಯ ಚಳಿ. ಉಸ್ತಾದರು ಅರುವತ್ತರ ಹತ್ತಿರದವರು, ಸಣ್ಣ ಮೈಕಟ್ಟು, ಬಿಳಿ ಟೊಪ್ಪಿ, ಉಣ್ಣೆಯ ಕೋಟು. ಹೆಂಡತಿ ಮಕ್ಕಳು ಊರಿನಲ್ಲಿ. ನಾನು ಯಾರೆಂದು ಅವರಿಗೆ ಗೊತ್ತಿತ್ತು. ಸ್ಟೂಲು ಎಳೆದುಕೊಟ್ಟು ಶೀಶೆಯೊಂದರ ಮುಚ್ಚಳ ತೆರೆಯಹೋದಾಗ, ಅದೆಲ್ಲ ಬೇಡ, ನಾನು ಗಿರಾಕಿಯಲ್ಲ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಕಾಯಿಲೆಯವರನ್ನೂ ಬರೀ ದುಆದಲ್ಲಿ ಇಟ್ಟುಕೊಂಡರೆ ನಾಳೆ ಯಾರಿಗಾದರೂ ಏನಾದರೂ ಆದರೆ ಹೊಣೆ ಯಾರು ಎಂದು ಕೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಇನ್ನೂ ಬಹಳ ಇತ್ತು.

ಅವರು ಶೀಶೆಗೆ ಮುಚ್ಚಳ ಹಾಕಿದರು. "ನಾನೇ ನಿಮ್ಮಲ್ಲಿಗೆ ಬರ್ಬೇಕು ಅಂತ ಇದ್ದೆ ಮಗಳೇ" ಎಂದರು. "ಒಂದು ಹುಡುಗಿ ಉಂಟು. ಅವಳದ್ದು ನನ್ನ ಕೈಯಲ್ಲಿ ಆಗುವಂಥದ್ದಲ್ಲ."

ನಾನು ಸ್ಟೂಲಿನ ಮೇಲೆ ಕೂತೆ.

ಹೆಸರು ಹೇಳದೆ ಅವರು ವಿಷಯ ಹೇಳಿದರು. ಕಾಪು ಕಡೆಯ ಹುಡುಗಿ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡನಿಗೆ ದೂರದ ರಾಸ್ ಅಲ್ ಖೈರಿನಲ್ಲಿ ಕಡಲ ನೀರು ಸಿಹಿ ಮಾಡುವ ಸ್ಥಾವರದಲ್ಲಿ ಕೆಲಸ, ಬಂದರೆ ತಿಂಗಳಿಗೊಮ್ಮೆ. ಬಾಣಂತನಕ್ಕೆ ಬಂದಿದ್ದ ತಾಯಿ ವೀಸಾ ಮುಗಿದು ವಾಪಸಾಗಿದ್ದಾರೆ. ಹುಡುಗಿಗೆ ಕೂಸನ್ನು ಮೀಯಿಸಲು ಭಯ. ನೀರಿನ ಹತ್ತಿರ ಹೋದರೆ ತಾನೇ ಕೂಸಿಗೆ ಏನೋ ಮಾಡಿಬಿಡುತ್ತೇನೆ ಎಂಬ ಯೋಚನೆ ಬರುತ್ತದೆ. ಬಾರದಿರಲಿ ಎಂದಷ್ಟೂ ಬರುತ್ತದೆ. ಪಕ್ಕದ ಮನೆಯ ಮಲಯಾಳಿ ಹೆಂಗಸಿನ ಕೈಯಲ್ಲಿ ಮೀಯಿಸುತ್ತಿದ್ದಾಳೆ. ರಜೆ ಮುಗಿದು ಡ್ಯೂಟಿಗೆ ಹೋಗುತ್ತಿದ್ದಾಳೆ, ನಿದ್ದೆಯಿಲ್ಲ, ಊಟವಿಲ್ಲ. ಅದು ನಿನ್ನ ಯೋಚನೆಯಲ್ಲ, ವಸ್ವಾಸ್, ಶೈತಾನನ ಪಿಸುಮಾತು, ಅದು ಬಂದದ್ದರಿಂದ ನೀನು ಕೆಟ್ಟವಳಾಗುವುದಿಲ್ಲ ಎಂದು ಉಸ್ತಾದರು ಹೇಳಿದ್ದರಂತೆ. ಮೊದಲಿಗೆ ಅವಳಿಗೆ ಹಗುರವಾಯಿತಂತೆ. ನಾನಾದರೂ ಶೈತಾನನನ್ನು ಬಿಟ್ಟು ಅಷ್ಟೇ ಹೇಳುತ್ತಿದ್ದೆ. ಆದರೆ ಆ ಹಗುರ ನಿಲ್ಲಲಿಲ್ಲ. ಈಚೆಗೆ ಅವಳು, ನಾನು ಇಲ್ಲದಿದ್ದರೇ ಕೂಸಿಗೆ ಕ್ಷೇಮ ಎನ್ನತೊಡಗಿದ್ದಳು.

ಇವತ್ತೇ ಕರೆದುಕೊಂಡು ಬನ್ನಿ ಎಂದೆ. ಕ್ಲಿನಿಕ್ಕಿಗೆ ಹೋಗು ಎಂದದ್ದಕ್ಕೇ ಅವಳು ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದಾಳೆ, ಫೋನಿನಲ್ಲಿ ಮಾತ್ರ ಮಾತಾಡುತ್ತಾಳೆ ಎಂದರು. ಅವಳ ಹೆದರಿಕೆ ನನ್ನ ಮೇಲಲ್ಲ, ಫೈಲಿನ ಮೇಲೆ. ನರ್ಸಿಗೂ ಲೈಸನ್ಸ್ ಉಂಟಲ್ಲ. ಇಕಾಮಾ ನಂಬರಿನಲ್ಲಿ ಮನೋರೋಗದ ಫೈಲು ತೆರೆದರೆ ನವೀಕರಣದ ಸಮಯದಲ್ಲಿ ಅದು ಎದುರು ಬರುತ್ತದೆ, ಕೆಲಸ ಹೋಗುತ್ತದೆ, ಕೂಸನ್ನೂ ಕಿತ್ತುಕೊಂಡು ಊರಿಗೆ ಕಳಿಸುತ್ತಾರೆ ಎಂದು ನರ್ಸುಗಳ ಹಾಸ್ಟೆಲಿನಲ್ಲಿ ಮಾತಂತೆ.

ಉಸ್ತಾದರು ಕೇಳಿದರು, ನೀವು ಇಲ್ಲಿ ಅಂಗಡಿಯಲ್ಲೇ ಕೂತು ಅವಳನ್ನು ನೋಡಬಹುದೇ ಎಂದು. ಆಗುವುದಿಲ್ಲ ಎಂದೆ. ನನ್ನ ಲೈಸನ್ಸ್ ಆ ಕ್ಲಿನಿಕ್ಕಿಗೆ ಕಟ್ಟಿದ್ದು, ಹೊರಗೆ ನೋಡಿದರೆ ಲೈಸನ್ಸೇ ಹೋಗುತ್ತದೆ. ಹಾಗಾದರೆ ಹೆಸರು ಬರೆಯದೆ? ಅದೂ ಆಗುವುದಿಲ್ಲ. ಬರೆಯದೆ ನೋಡಿದರೆ, ನಾಳೆ ಅವಳಿಗೆ ಮದ್ದು ಬೇಕಾದಾಗ ಮನೋವೈದ್ಯರ ಹತ್ತಿರ ಏನೆಂದು ಕಳಿಸಲಿ? ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಆ ಕಾಗದಕ್ಕಾಗಿ ನಾನು ಎಷ್ಟು ಕಾದಿದ್ದೆ, ಈಗ ಅದೇ ನನ್ನ ಕೈ ಕಟ್ಟಿಹಾಕಿತ್ತು. ಅವಳ ಹೆದರಿಕೆ ನಿಜವೇ ಎಂದು ಅವರು ಕೇಳಿದರು. ನಾನು ವಿಚಾರಿಸಿದ ಮಟ್ಟಿಗೆ, ಬಾಣಂತಿ ಚಿಕಿತ್ಸೆ ಪಡೆದಳೆಂದು ಯಾರ ಕೆಲಸವೂ ಹೋದದ್ದು ಗೊತ್ತಿಲ್ಲ, ಆದರೆ ಆಣೆ ಮಾಡಿ ಹೇಳಲಾರೆ ಎಂದೆ.

"ಅಂದ್ರೆ ನೀವೂ ಇನ್ಶಾ ಅಲ್ಲಾಹ್ ಅಂತ್ಲೇ ಹೇಳುದು" ಎಂದು ಅವರು ಸಣ್ಣಗೆ ನಕ್ಕರು. ಅವಳು ಡ್ಯೂಟಿಗೆ ಹೋಗದಂತೆ, ಒಬ್ಬಳೇ ಇರದಂತೆ ನೋಡಿಕೊಳ್ಳಲು ಹೇಳಿದೆ. ಪಕ್ಕದ ಮನೆಯಾಕೆ ಅಲ್ಲಿಯೇ ಮಲಗುವ ಏರ್ಪಾಟನ್ನು ಅವರು ಆಗಲೇ ಮಾಡಿಸಿದ್ದರು. ಗಂಡನಿಗೂ ಫೋನ್ ಮಾಡಿ ರಜೆ ಕೇಳಲು ಹೇಳಿದ್ದರು. ನನ್ನ ನಂಬರನ್ನು ಅವಳಿಗೆ ಕೊಡಿ, ಯಾವ ಹೊತ್ತಾದರೂ ಫೋನ್ ಮಾಡಲಿ ಎಂದು ಹೇಳಿ ಎದ್ದೆ. ಫೋನ್ ಬರಲಿಲ್ಲ. ಮರುದಿನ ನಾನು ಯಾರ ಮಾತನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ಮೊಬೈಲನ್ನೇ ನೋಡುತ್ತಿದ್ದೆ.

ಆ ಸಂಜೆ, ಕ್ಲಿನಿಕ್ಕು ತುಂಬಿರುವ ಹೊತ್ತು. ಜ್ವರದ ಮಕ್ಕಳು, ಹಲ್ಲುನೋವಿನವರು, ಮೆಡಿಕಲ್ ಪರೀಕ್ಷೆಗೆ ಬಂದ ಹೊಸ ಡ್ರೈವರುಗಳು. ನಮ್ಮ ಕಡೆಯವರೇ ನಾಲ್ಕಾರು ಕುಟುಂಬ. ಬಾಗಿಲು ತೆರೆದು ಉಸ್ತಾದರು ಒಳಗೆ ಬಂದರು. ಕೂತಿದ್ದ ಗಂಡಸರು ಎದ್ದು ಸಲಾಂ ಹೇಳಿ ಜಾಗ ಬಿಟ್ಟರು. ಉಸ್ತಾದರಿಗೆ ಏನು, ಶುಗರಾ ಎಂದು ಯಾರೋ ಕೇಳಿದರು. ಅವರು ಕೌಂಟರಿಗೆ ಹೋಗಿ ಇಕಾಮಾ ಮುಂದಿಟ್ಟರು. ಯಾವ ಡಾಕ್ಟರೆಂದು ಫಿಲಿಪಿನೋ ಹುಡುಗಿ ಕೇಳಿದಳು. ಅವರು ನನ್ನ ಬೋರ್ಡಿನ ಕಡೆ ಬೆರಳು ತೋರಿಸಿ, ಮದ್ರಸದಲ್ಲಿ ಹಿಂದಿನ ಸಾಲಿನ ಮಕ್ಕಳಿಗೂ ಕೇಳುವಂಥ ಸ್ವರದಲ್ಲಿ, "ಅಲ್ಲಿಗೆ. ಹೊಸ ಫೈಲು. ನನ್ನ ಹೆಸರಲ್ಲೇ ಬರಿ" ಎಂದರು.

ಅವಳಿಗೆ ಕನ್ನಡ ಬರುವುದಿಲ್ಲ. ಕೂತಿದ್ದ ನಮ್ಮವರಿಗೆಲ್ಲ ಬರುತ್ತಿತ್ತು. ಯಾವುದೋ ಮಗುವಿನ ಮೊಬೈಲಿನ ಕಾರ್ಟೂನು ಮಾತ್ರ ಕಿರುಚುತ್ತಿತ್ತು.

ಒಳಗೆ ಬಂದ ಮೇಲೆ ಅವರು ನಿಂತೇ ಇದ್ದರು. ಸಂಬಂಧವಿಲ್ಲದ ಹೆಣ್ಣಿನ ಜೊತೆ ಮುಚ್ಚಿದ ಕೋಣೆಯಲ್ಲಿ ಕೂರುವುದು ಅವರಿಗೆ ಸಲ್ಲದು. ಬಾಗಿಲು ತೆರೆದಿಟ್ಟು ನೋಡುವುದು ನನಗೆ ಸಲ್ಲದು. ಬಾಗಿಲಲ್ಲಿ ಅಂಗೈಯಗಲದ ಎರಡು ಗಾಜಿನ ಪಟ್ಟಿಗಳಿವೆ. ಹೊರಗಿನವರಿಗೆ ಕಾಣುತ್ತದೆ, ಕೇಳಿಸುವುದಿಲ್ಲ. ಅವರೇ ಕುರ್ಚಿಯನ್ನು ಗಾಜಿನ ನೇರಕ್ಕೆ ಎಳೆದುಕೊಂಡು ಕೂತರು. ಇನ್ನು ಅವರನ್ನು ನೋಡದವರು ಖಮೀಸಿನಲ್ಲೇ ಉಳಿಯಲಾರರು ಎಂದುಕೊಂಡೆ.

ಅವರು ಮಾಡಿದ್ದು ಎಂಥದ್ದೆಂದು ನನಗೆ ಅರ್ಥವಾಗಿತ್ತು. ಉಪಕಾರವಾಯಿತು, ಹತ್ತು ನಿಮಿಷ ಸುಮ್ಮನೆ ಕೂತು ಹೋಗಿ, ಅಷ್ಟು ಸಾಕು ಎಂದೆ.

ಅವರು ಒಪ್ಪಲಿಲ್ಲ. "ಹೆಸರು ಬರೆಸಿದ ಮೇಲೆ ಸುಮ್ಮನೆ ಕೂತ್ರೆ ಅದು ಸುಳ್ಳಾಗ್ತದೆ ಮಗಳೇ. ಬರೆಯಿರಿ. ಹೇಳ್ತೇನೆ."

ಆಮೇಲೆ ಹೇಳಿದರು. ಏನು ಹೇಳಿದರು ಎಂಬುದು ಇಲ್ಲಿ ಬರುವ ಹಾಗಿಲ್ಲ. ನಾನು ಬಂದವರಿಗೆಲ್ಲ ಕೇಳುವಂತೆ ಕೇಳಿದೆ, ಬರೆದುಕೊಂಡೆ.

ಆ ಸಂಜೆಯೇ ಸುದ್ದಿ ಹಬ್ಬಿತು. ವಾಟ್ಸ್ಯಾಪಿನಲ್ಲಿ ಉಪ್ಪುಖಾರ ಸೇರಿತು. ಉಸ್ತಾದರಿಗೆ ತಲೆ ಕೆಟ್ಟಿದೆಯಂತೆ, ಮದ್ದು ತಿನ್ನುತ್ತಿದ್ದಾರಂತೆ. ಇನ್ನು ಕೆಲವರು, ದುಆದಲ್ಲಿ ನಂಬಿಕೆ ಇಲ್ಲದವನು ಎಂಥ ಉಸ್ತಾದ್ ಎಂದರು. ನಾವು ಊಟಕ್ಕೆ ಹೋಗಿದ್ದೆವಲ್ಲ, ಆ ಮನೆಯ ಯಜಮಾನರೇ ಹಾಗೆಂದದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವರನ್ನು ಕೆಲಸಕ್ಕೆ ಕರೆಸಿಕೊಂಡ ಅಂಗಡಿಯ ಮಾಲೀಕ, ಕಫೀಲ್, ಕರೆದು ವಿಚಾರಿಸಿದರಂತೆ. ಅಂಗಡಿಗೆ ಹೋಗುವವರು ಕೆಲವು ಕಾಲ ಕಡಿಮೆಯಾದರು. ನನ್ನಿಂದಾಗಿ ಹೀಗಾಯಿತಲ್ಲ ಎಂದು ಫೋನ್ ಮಾಡಿದೆ. ಅವರು ಅದನ್ನು ಕೇಳಿಸಿಕೊಳ್ಳದವರ ಹಾಗೆ, ಹುಡುಗಿಗೆ ವಿಷಯ ಮುಟ್ಟಿದೆಯಂತೆ ಎಂದಷ್ಟೇ ಹೇಳಿದರು.

ಅವಳು ಬಂದಳು. ಪಕ್ಕದ ಮನೆಯಾಕೆ ಕೂಸನ್ನು ಎತ್ತಿಕೊಂಡು ಹಿಂದೆ, ಅವಳು ಮುಂದೆ. ಅಬಾಯಾದ ತೋಳಿನಲ್ಲಿ ಇಕಾಮಾವನ್ನು ಮುಚ್ಚಿ ಹಿಡಿದಿದ್ದಳು. ಕೌಂಟರಿನಲ್ಲಿ ಕೊಡದೆ ನೇರ ನನ್ನ ಬಾಗಿಲಿಗೆ ಬಂದು ನಿಂತಳು. ಕಣ್ಣಿನ ಸುತ್ತ ಕಪ್ಪು. ಎಷ್ಟು ಸಣ್ಣ ಹುಡುಗಿ ಎಂದು ಸಂಕಟವಾಯಿತು.

"ಉಸ್ತಾದ್ ಹೆಸ್ರು ಬರೆಸಿದ್ದು ಹೌದಾ ಅಕ್ಕಾ?" ಎಂದು ಕೇಳಿದಳು.

ನಾನು ಲೈಸನ್ಸಿನವಳು. ಯಾರು ನನ್ನ ಹತ್ತಿರ ಬರುತ್ತಾರೆ ಎಂದು ಇನ್ನೊಬ್ಬರಿಗೆ ಹೇಳಬಾರದು. ಸುಮ್ಮನಿದ್ದೆ. ಅವಳೂ ಅದೇ ಕಸುಬಿನವಳು, ನನ್ನ ಮೌನ ಅವಳಿಗೆ ಅರ್ಥವಾಯಿತು. ಒಳ್ಳೆಯದೇ ಆಯಿತು ಎಂಬಂತೆ ತಲೆಯಾಡಿಸಿದಳು.

"ಹಾಗಾದ್ರೆ ನಂದೂ ಬರೀರಿ" ಎಂದು ಇಕಾಮಾ ಮೇಜಿನ ಮೇಲೆ ಇಟ್ಟಳು.

ಆವತ್ತೇ ಅವಳನ್ನು ಮನೋವೈದ್ಯರಿಗೆ ತೋರಿಸಿದೆವು. ಕೂಸಿಗೆ ಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಮದ್ದು ಬರೆದುಕೊಟ್ಟರು. ಗಂಡ ರಜೆ ಹಾಕಿ ಬಂದ. ಮೊದಲ ವಾರಗಳು ಸುಲಭವಾಗಿರಲಿಲ್ಲ. ನಡುವೆ ಒಂದು ಸಲ, ಮದ್ದು ನಿಲ್ಲಿಸುತ್ತೇನೆ, ಫೈಲು ಹರಿದು ಹಾಕಿ ಎಂದು ಜಗಳ ಮಾಡಿದಳು. ಆಮೇಲೆ ನಿದ್ದೆ ಬಂತು. ನಿದ್ದೆಯ ಹಿಂದೆ ಊಟ ಬಂತು. ಒಂದು ಬೆಳಿಗ್ಗೆ ನನಗೊಂದು ಫೋಟೋ ಕಳಿಸಿದಳು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂಸು, ಅದರ ಬೆನ್ನಿನ ಹಿಂದೆ ಅವಳ ಕೈ. ನಾನು ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಚೆನ್ನಾಗಿ ಅತ್ತೆ. ಅವಳ ಲೈಸನ್ಸ್ ನವೀಕರಣವಾಯಿತು. ಯಾರೂ ಏನೂ ಕೇಳಲಿಲ್ಲ. ಇಷ್ಟನ್ನು ಬರೆಯಬಹುದೆಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಇಬ್ಬರೂ ಕೂತು ಬದಲಿಸಿದ್ದೇವೆ.

ಉಸ್ತಾದರನ್ನೂ ಕೇಳಿದೆ. ನಾನು ಬಂದದ್ದನ್ನು ಬೇಕಾದರೆ ದೊಡ್ಡ ಅಕ್ಷರದಲ್ಲಿ ಬರೆಯಿರಿ, ಬಂದದ್ದೇ ಅದಕ್ಕಲ್ಲವೇ ಎಂದರು. ನಾನೂ ಹಾಗೆಯೇ ತಿಳಿದಿದ್ದೆ. ಹುಡುಗಿಗೆ ಧೈರ್ಯ ಬರಲೆಂದು ತುಂಬಿದ ಸಂಜೆಯಲ್ಲಿ, ಎಲ್ಲರ ಕಣ್ಣೆದುರು ಬಂದರು, ಕೆಲಸವಾಯಿತು, ಇನ್ನು ಆ ಫೈಲು ಮುಚ್ಚಬಹುದು ಎಂದು. ಆದರೆ ಆ ಹುಡುಗಿ ಬಂದುಹೋದ ಮರುವಾರ, ಕ್ಲಿನಿಕ್ಕಿನ ಬಾಗಿಲು ಆಗಷ್ಟೇ ತೆರೆದಿತ್ತು, ಫಿಲಿಪಿನೋ ಹುಡುಗಿ ಕಂಪ್ಯೂಟರನ್ನು ಇನ್ನೂ ಹಚ್ಚಿರಲಿಲ್ಲ, ಕಾಯುವ ಕುರ್ಚಿಗಳೆಲ್ಲ ಖಾಲಿಯಿದ್ದವು. ಉಸ್ತಾದರು ಒಬ್ಬರೇ ಬಂದು, ಈಗ ನೋಡಲು ಆಗುತ್ತದಾ ಎಂದು ಸಣ್ಣ ಸ್ವರದಲ್ಲಿ ಕೇಳಿದರು.